ಟೇಪಿನ ಇನ್ನೊಂದು ತುದಿ

ಅಳತೆ ಟೇಪಿಗೆ ಎರಡು ತುದಿ. ಕೊಕ್ಕೆ ಇರುವ ತುದಿ ಹಿಡಿದವರು ಅದನ್ನು ಗೋಡೆಗೆ ಒತ್ತಿ ನಿಂತರಾಯಿತು, ಬಾಯಿ ಬಿಡಬೇಕಿಲ್ಲ. ಡಬ್ಬಿಯ ತುದಿ ಹಿಡಿದವರು ಅಂಕಿ ಓದಿ, ಬರೆದುಕೊಳ್ಳುವವರಿಗೆ ಕೇಳುವಂತೆ ಕೂಗಿ ಹೇಳಬೇಕು. ಕಳೆದ ವರ್ಷ ಚೈತ್ರ ಮೇಡಂ ನಮ್ಮ ಮನೆಯ ಅಟ್ಟ ಅಳೆಯಲು ಬಂದ ದಿನ ನನ್ನ ಕೈಗೆ ಸಿಕ್ಕಿದ್ದು ಕೊಕ್ಕೆಯ ತುದಿ. ಅವತ್ತು ಇನ್ನೊಂದು ತುದಿ ಸಿಕ್ಕಿದ್ದರೆ ನಾನು ಅಡುಗೆಮನೆಗೆ ಓಡಿಹೋಗುತ್ತಿದ್ದೆ, ಇವತ್ತು ಬರೆಯಲು ಏನೂ ಇರುತ್ತಿರಲಿಲ್ಲ.

ನಮ್ಮದು ಶೆಟ್ಟಿಕೆರೆಗೆ ಹತ್ತಿರದ ಊರು. ಅಪ್ಪ ಏಕಾಂತಯ್ಯನವರದು ತೆಂಗಿನ ತೋಟ. ಕೊಬ್ಬರಿ ಮಾಡಿ ತಿಪಟೂರಿಗೆ ಹಾಕುತ್ತಾರೆ. ನಾನು ತಿಪಟೂರಿನಲ್ಲೇ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಮಾತು ಮೊದಲಿನಿಂದಲೂ ಕಮ್ಮಿ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ನಾನು 'ಎಸ್ ಸರ್' ಅಂದದ್ದು ಕೇಳಿಸದೆ, ಎದುರಿಗೇ ಕೂತಿದ್ದರೂ ಎಷ್ಟೋ ಸಲ ಗೈರುಹಾಜರಿ ಬಿದ್ದಿದೆ. ಹೇಳಬೇಕಾದದ್ದನ್ನೆಲ್ಲ ದಿನಚರಿಗೆ ಹೇಳಿಕೊಳ್ಳುತ್ತಿದ್ದೆ. ಅಂಚಿನಲ್ಲಿ ಜಾಗ ಉಳಿದರೆ ಕದ, ಕಿಟಕಿ, ಹೆಂಚಿನ ಸಾಲಿನ ಚಿತ್ರ ಬರೆಯುತ್ತಿದ್ದೆ. ಅಪ್ಪ ಬಿ.ಎಡ್. ಮಾಡಿಸುವ ಯೋಚನೆಯಲ್ಲಿದ್ದರು. ಒಂದು ತರಗತಿ ತುಂಬ ಮಕ್ಕಳ ಮುಂದೆ ನಿಂತು ಪಾಠ ಹೇಳುವ ನನ್ನನ್ನು ನೆನೆಸಿಕೊಂಡರೆ ನನಗೇ ಮೈ ಬಿಸಿಯಾಗುತ್ತಿತ್ತು.

ಚೈತ್ರ ಮೇಡಂ ಬೆಂಗಳೂರಿನವರು, ಟಿ.ವಿ. ಧಾರಾವಾಹಿಗಳಿಗೆ ಸೆಟ್ ಕಟ್ಟಿಸುವ ಕಲಾ ನಿರ್ದೇಶಕಿ. ಕೊಬ್ಬರಿ ವ್ಯಾಪಾರದ ಮನೆತನವೊಂದರ ಕಥೆಗೆ ಅವರಿಗೆ ನಮ್ಮ ಕಡೆಯ ಮನೆ ಬೇಕಾಗಿತ್ತು. ಆದರೆ ನಿಜವಾದ ಮನೆಯಲ್ಲಿ ಚಿತ್ರೀಕರಣ ಆಗದು. ನಮ್ಮ ಅಟ್ಟಗಳು ತಗ್ಗು, ಕೆಳಗೆಲ್ಲ ಕತ್ತಲು, ಕ್ಯಾಮೆರಾ ಹಿಂದೆ ಸರಿಯಬೇಕೆಂದರೆ ಗೋಡೆ ಅಡ್ಡ. ಅದಕ್ಕೆ ಊರಾಚೆ ನಿಂತುಹೋಗಿದ್ದ ತೆಂಗಿನ ನಾರಿನ ಫ್ಯಾಕ್ಟರಿಯ ಶೆಡ್ಡನ್ನು ಬಾಡಿಗೆಗೆ ಹಿಡಿದು, ಅದರೊಳಗೆ ನಮ್ಮ ಮನೆಯಂಥದ್ದೇ ಒಂದು ಮನೆ ಕಟ್ಟುವುದು, ಬೇಕಾದಾಗ ಬೇಕಾದ ಗೋಡೆ ಬಿಚ್ಚಿ ಪಕ್ಕಕ್ಕಿಡುವುದು ಅಂತ ಅವರು ಅಪ್ಪನಿಗೆ ವಿವರಿಸಿದರು. ಬಿಚ್ಚಿಡುವ ಗೋಡೆ ಎಂಬುದು ಅಪ್ಪನ ತಲೆಗೆ ಹೋಗಲಿಲ್ಲ. ಅಳೆದುಕೊಳ್ಳಿ, ಕಾಫಿ ಕುಡಿದು ಹೋಗಿ ಅಂದರು.

ಮೇಡಂ ಜೊತೆ ಬಂದಿದ್ದವನು ಅವತ್ತು ಬಿಸಿಲಿಗೆ ತಲೆಸುತ್ತಿ ಜಗಲಿ ಮೇಲೆ ಮಲಗಿಬಿಟ್ಟ. ಹಾಗಾಗಿ ಕೊಕ್ಕೆ ನನಗೆ ಬಂತು. ಅಟ್ಟ, ಕಂಬ, ತೊಲೆ, ಗೂಡು, ಹೊಸಿಲು, ಎಲ್ಲವನ್ನೂ ಅಳೆದೆವು. ಅವರು ಓದುತ್ತ ಬರೆಯುತ್ತ ಹೋದರು, ನಾನು ಒತ್ತಿ ಹಿಡಿಯುತ್ತ ಹೋದೆ. ಸಂಜೆ ಟೇಪು ಸುತ್ತುವಾಗ ಅವರು, "ಬೆಳಗಿಂದ ನಿನ್ನ ತುದಿ ಒಂದು ಸಲಾನೂ ಜಾರಲಿಲ್ಲ. ನಾಳೆ ಶೆಡ್ಡಿಗೆ ಬರ್ತೀಯಾ?" ಅಂದರು. ನಾನು ಅಪ್ಪನ ಮುಖ ನೋಡಿದೆ. ಒಂದು ದಿನದ ಮಾತು ಅಂದುಕೊಂಡು ಅಪ್ಪ ತಲೆಯಾಡಿಸಿದರು. ಹಾಗೆ ತಲೆಯಾಡಿಸಿದ್ದಕ್ಕೆ ನಾನು ಅವರಿಗೆ ಇವತ್ತಿನವರೆಗೂ ಸರಿಯಾಗಿ ಏನೂ ಹೇಳಿಲ್ಲ.

ಶೆಡ್ಡಿನಲ್ಲಿ ಮೇಸ್ತ್ರಿ ಶ್ರೀರಂಗಯ್ಯನವರಿದ್ದರು. ತುರುವೇಕೆರೆಯವರು, ಅರ್ಧ ಆಯುಷ್ಯ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕಳೆದವರು. ಅರಮನೆ, ಪೊಲೀಸ್ ಠಾಣೆ, ಆಸ್ಪತ್ರೆ, ಕೈಲಾಸ, ಎಲ್ಲ ಕಟ್ಟಿದ್ದೇನೆ, ನನ್ನ ಮನೆ ಅಡುಗೆಕೋಣೆ ಮಾತ್ರ ಇನ್ನೂ ಸೋರುತ್ತೆ ಅನ್ನುತ್ತಿದ್ದರು. ಮೊದಲ ದಿನ ಅವರು ನನ್ನನ್ನು ಒಂದು ಕಂಬದ ಹತ್ತಿರ ಕರೆದುಕೊಂಡು ಹೋದರು. ಹಳೆಯ ಹೊನ್ನೆ ಮರದ ಕಂಬ, ಎಣ್ಣೆ ಕುಡಿದು ಕಪ್ಪಾದದ್ದು. ತಟ್ಟಿ ನೋಡು ಅಂದರು. ತಟ್ಟಿದರೆ ಖಾಲಿ ಡಬ್ಬದ ಸದ್ದು. ಪ್ಲೈವುಡ್ಡಿನ ನಾಲ್ಕು ಹಲಗೆ ಸೇರಿಸಿ ಮಾಡಿದ ಪೆಟ್ಟಿಗೆ ಅದು, ಮರದ ಎಳೆಯೆಲ್ಲ ಬಣ್ಣ ಹಚ್ಚಿ ಬಾಚಣಿಗೆಯಲ್ಲಿ ಎಳೆದದ್ದು.

"ಇಲ್ಲಿ ಕ್ಯಾಮೆರಾಕ್ಕೆ ಕಾಣೋವಷ್ಟೇ ಮನೆ ಕಣವ್ವ," ಅಂದರು. "ಅದರಿಂದಾಚೆಗೆ ಕಟ್ಟಿದ್ರೆ ಮರ ದಂಡ."

ಆ ಕೆಲಸ ನನಗೆ ಹಿಡಿಸಿದ ರೀತಿ ಹೇಳಲು ಬಾರದು. ಗೋಣಿತಾಟಿನ ಮೇಲೆ ಪಿಒಪಿ ಗಾರೆ ಬಳಿದರೆ ಮಣ್ಣಿನ ಗೋಡೆ. ಟೀ ಡಿಕಾಕ್ಷನ್ ಸವರಿದರೆ ಹೊಸ ಸುಣ್ಣಕ್ಕೆ ವಯಸ್ಸಾಗುತ್ತದೆ. ಮೇಣದಬತ್ತಿ ಹಿಡಿದರೆ ದೀಪದ ಗೂಡಿಗೆ ಮಸಿ. ಒಂದು ದಿನ ಯಾರೂ ಹೇಳದೆ, ಜಗಲಿಯ ಗೋಡೆಯ ಮೇಲೆ ಕೂತವರ ತಲೆಯ ಎತ್ತರಕ್ಕೆ ಜಿಡ್ಡಿನ ಗುರುತು ಮಾಡಿದೆ. ನಮ್ಮ ಮನೆಯ ಜಗಲಿಯಲ್ಲಿ ತಾತ ಒರಗಿ ಒರಗಿ ಆದ ಗುರುತು ಅಂಥದ್ದೇ ಇದೆ. ಚೈತ್ರ ಮೇಡಂ ಬಂದವರು ಆ ಗೋಡೆಯ ಮುಂದೆ ಸುಮಾರು ಹೊತ್ತು ನಿಂತರು. ಮಾರನೆಯ ದಿನದಿಂದ ಗೋಡೆಗಳೆಲ್ಲ ನನ್ನ ಪಾಲಿಗೆ ಬಂದವು. ಒಂದು ದಿನದ ಕೆಲಸ ತಿಂಗಳುಗಟ್ಟಲೆ ನಡೆಯಿತು.

ಮಾತಾಡಬೇಕಾದ ಕಡೆ ನಾನು ಚೀಟಿ ಬರೆದು ಕೊಡುತ್ತಿದ್ದೆ. 'ಈ ಬಾಗಿಲು ಎರಡಿಂಚು ಒಳಕ್ಕೆ ಬೇಕಂತೆ.' 'ಮೇಲಿನ ಬಣ್ಣ ಇನ್ನೂ ಹಸಿ, ಮುಟ್ಟಬೇಡಿ.' ಬಡಗಿಗಳು ಚೀಟಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಪೋಸ್ಟ್ ಬಂತು ಪೋಸ್ಟ್ ಅಂತ ಶ್ರೀರಂಗಯ್ಯ ರೇಗಿಸುತ್ತಿದ್ದರು.

ಚಿತ್ರೀಕರಣ ಶುರುವಾದ ಮೇಲೆ ಒಂದು ಮಧ್ಯಾಹ್ನ ಚೈತ್ರ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಬೆಂಗಳೂರಿನಲ್ಲಿ ತಮ್ಮ ತಂಡದಲ್ಲಿ ಅಸಿಸ್ಟೆಂಟ್ ಒಬ್ಬರ ಜಾಗ ಇದೆ ಎಂದೂ, ಮುಂದಿನ ಸೆಟ್ಟಿಗೆ ನನ್ನನ್ನು ಇಟ್ಟುಕೊಳ್ಳುವ ಆಸೆ ಇದೆ ಎಂದೂ ಹೇಳಿದರು.  ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಕೈ ಚೆನ್ನಾಗಿದೆ ನಿಂದು. ಆದ್ರೆ ಈ ಕೆಲಸಕ್ಕೆ ಬಾಯೂ ಬೇಕು ಗಾನವಿ. ಯಾರದೋ ಏಣಿ ಜಾರ್ತಾ ಇದ್ರೆ ನೀನು ಚೀಟಿ ಬರೀತಾ ಕೂತ್ಕೋತೀಯಾ? ನೂರು ಜನ ಇರ್ತಾರೆ ಫ್ಲೋರಲ್ಲಿ. ಈ ಶೆಡ್ಯೂಲ್ ಮುಗಿಯೋದ್ರೊಳಗೆ ನೀನು ಕೂಗಿ ಮಾತಾಡಿದ್ದು ಒಂದು ಸಲ ನಾನು ಕೇಳಬೇಕು. ಇಲ್ಲಾಂದ್ರೆ ಕರ್ಕೊಂಡು ಹೋಗೋ ಧೈರ್ಯ ನನಗಿಲ್ಲ."

ಅವರು ಗದರಲಿಲ್ಲ, ಅದೇ ಕಷ್ಟ. ನಾನು ಕೂಗದಿದ್ದರೆ ಬಿ.ಎಡ್. ಅರ್ಜಿಯೇ ಗತಿ. ಅವತ್ತು ತೋಟದ ಬದುವಿನಲ್ಲಿ ನಿಂತು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೂಗಿ ನೋಡಿದೆ. ಪಕ್ಕದ ತೆಂಗಿನ ಬುಡದಲ್ಲಿ ಮೇಯುತ್ತಿದ್ದ ಎಮ್ಮೆ ಕೂಡ ತಲೆ ಎತ್ತಲಿಲ್ಲ.

ಇನ್ನು ಅಟ್ಟದ ವಿಷಯ. ನಮ್ಮ ಕಡೆ ಕೊಬ್ಬರಿಯಾಗಬೇಕಾದ ಕಾಯಿಯನ್ನು ಸಿಪ್ಪೆ ಸಮೇತ ವರ್ಷದ ಹತ್ತಿರ ಅಟ್ಟದ ಮೇಲೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗುಂಡು ಹೊರಳಿದ ಸದ್ದು ಬರಬೇಕು. ಅಲ್ಲಿಯವರೆಗೆ ಅದನ್ನು ಕದಲಿಸುವುದಿಲ್ಲ. ಮನೆಗೆ ಹೆಣ್ಣು ಕೇಳಲು ಬಂದವರು ಮೊದಲು ಕತ್ತೆತ್ತಿ ಅಟ್ಟ ನೋಡುತ್ತಾರೆ, ಆಮೇಲೆ ಹುಡುಗಿಯನ್ನು. ಅಟ್ಟ ಬರಿದಾಗಿ ಕಾಣುವುದು ಮನೆಗೆ ಲಕ್ಷಣವಲ್ಲ. ಕಾಯಿ ಕಮ್ಮಿಯಾದ ವರ್ಷ ಕೂಡ ಬಾಗಿಲ ಕಡೆಗೇ ಜೋಡಿಸಿ ತುಂಬಿದಂತೆ ತೋರಿಸುತ್ತಾರೆ.

ಸೆಟ್ಟಿನ ಅಟ್ಟದಲ್ಲಿ ಕ್ಯಾಮೆರಾದ ಕಡೆಗೆ ಒಂದೇ ಸಾಲು ಕಾಯಿ ಇತ್ತು, ಅದೂ ಒಣಗಿ ಹಗುರಾದದ್ದು. ಅದರ ಹಿಂದೆ ಗೋಣಿ ಹೊದಿಸಿದ ಥರ್ಮೊಕೋಲ್. ಅದನ್ನು ಹೊತ್ತಿದ್ದ ತೊಲೆಯೂ ಕಂಬದಂತೆ ಟೊಳ್ಳು. ಕೆಳಗೆ ನಿಂತು ಲೈಟಿನಲ್ಲಿ ನೋಡಿದರೆ ತುಂಬಿದ ಅಟ್ಟ. ಪಕ್ಕಕ್ಕೆ ಬಂದು ನೋಡಿದರೆ ಗೋಣಿ.

ಒಂದು ಭಾನುವಾರ ದೊಡ್ಡಮ್ಮ ಊರಿನ ಹೆಂಗಸರನ್ನು ಕಟ್ಟಿಕೊಂಡು ಸೆಟ್ ನೋಡಲು ಬಂದರು. ದೊಡ್ಡಮ್ಮ ಅಂದರೆ ಮೀನಾಕ್ಷಮ್ಮ, ನನ್ನ ದೊಡ್ಡಪ್ಪನ ಹೆಂಡತಿ, ಪಕ್ಕದ ಮನೆಯವರು. ನನ್ನ ಬಾಯಿಗೆ ಬರದ ಮಾತೆಲ್ಲ ದೇವರು ಅವರ ಬಾಯಿಗೆ ಸುರಿದಿದ್ದಾನೆ ಅಂತ ಅಪ್ಪ ಹೇಳುವುದುಂಟು. ಅವರು ಪಕ್ಕಕ್ಕೇ ಬಂದು ನೋಡಿದರು.

"ಇದೇನ್ ಮೇಸ್ತ್ರಿ, ಅಟ್ಟ ಹಿಂಗೆ ಬಣಗುಟ್ತೈತೆ? ನಮ್ಮುಡುಗಿ ಕೆಲ್ಸ ಮಾಡೋ ಮನೆ ಇದು."

ಶ್ರೀರಂಗಯ್ಯ ಬ್ರಷ್ ತೊಳೆಯುತ್ತಿದ್ದವರು ತಲೆ ಎತ್ತದೆ, "ನಮ್ಮತ್ರ ಇರೋದಿಷ್ಟೇ ಕಣಮ್ಮ. ನಿಮ್ಮನೇಲಿದ್ರೆ ತಂದ್ ತುಂಬ್ಸಿ," ಅಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ದೊಡ್ಡಮ್ಮ ನಗಲಿಲ್ಲ. ಮೊಣಕಾಲು ನೋವಿರಬೇಕು ಅಂದುಕೊಂಡೆ.

ಸೋಮವಾರ ಇಡೀ ತಂಡಕ್ಕೆ ಕೆರೆ ಏರಿಯ ಮೇಲೆ ಚಿತ್ರೀಕರಣ. ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಕಾವಲಿನ ದುರ್ಗಯ್ಯನ ಕೈಗೆ ಕೊಟ್ಟು ಹೋದೆವು. ಶೆಡ್ಡಿಗೆ ಅಂಟಿಕೊಂಡ ತುಂಡು ತೋಟ ದುರ್ಗಯ್ಯನದೇ. ಸಂಜೆ ನಾನು ಆ ದಾರಿಯಲ್ಲೇ ಮನೆಗೆ ಬರುವಾಗ ಅವನು ಶೆಡ್ಡಿನ ಮುಂದೆ ಎಲೆ ಅಡಿಕೆ ಜಗಿಯುತ್ತ ಒಬ್ಬನೇ ನಗುತ್ತಿದ್ದ. ಯಾಕೆ ಅಂತ ಕೇಳುವ ಜಾತಿಯಲ್ಲ ನಾನು.

ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಅವತ್ತು ಧಾರಾವಾಹಿಯ ನಾಯಕಿ ಅಟ್ಟದ ಕೆಳಗೆ ಕೂತು ಕಾಯಿ ಆರಿಸುವ ದೃಶ್ಯ. ಶ್ರೀರಂಗಯ್ಯ ರಾತ್ರಿಯೇ ತುರುವೇಕೆರೆಗೆ ಹೋಗಿದ್ದರು, ಇನ್ನೂ ಬಸ್ಸಿನಲ್ಲಿದ್ದರು. ಮೇಡಂ ಮತ್ತು ಉಳಿದವರು ತಿಪಟೂರಿನ ಲಾಡ್ಜಿನಿಂದ ಬರಬೇಕು. ಆದರೆ ಶೆಡ್ಡಿನ ಬಾಗಿಲು ತೆರೆದಿತ್ತು, ಒಳಗಿಂದ ಊದಿನಕಡ್ಡಿಯ ವಾಸನೆ ಬರುತ್ತಿತ್ತು.

ಅಟ್ಟ ತುಂಬಿತ್ತು. ಒಂದು ಗೇಣೂ ಬಿಡದೆ, ಹಿಂದಿನ ಗೋಡೆಯವರೆಗೆ, ಸಾಲಿನ ಮೇಲೆ ಸಾಲು ಕಾಯಿ. ನಮ್ಮ ಮನೆಯಲ್ಲಿ ಜೋಡಿಸುವ ಹಾಗೆಯೇ ಜೋಡಿಸಿದ್ದರು. ಥರ್ಮೊಕೋಲನ್ನು ಮಡಿಸಿದ ಗೋಣಿಯ ಜೊತೆ ನೀಟಾಗಿ ಮೂಲೆಗಿಟ್ಟಿದ್ದರು. ಒಂದು ಕಂಬದ ಮುಂಬದಿಗೆ ಅರಿಶಿನ ಬಳಿದು ಕುಂಕುಮ ಇಟ್ಟಿತ್ತು. ನಾಲ್ಕೈದು ಹೆಂಗಸರು ಗೋಡೆ ಪಕ್ಕ ಕೂತಿದ್ದರು. ಅಪ್ಪ ದುರ್ಗಯ್ಯನ ಜೊತೆ ನಿಂತು, ಹುಟ್ಟುಹಬ್ಬದ ಬಟ್ಟೆ ಬಚ್ಚಿಟ್ಟವರ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ದುರ್ಗಯ್ಯನೇ ಸುದ್ದಿ ಒಪ್ಪಿಸಿದ. ಮೇಸ್ತ್ರಿಯ ಮಾತನ್ನು ದೊಡ್ಡಮ್ಮ ನಿಜವೆಂದೇ ತಿಳಿದು ಊರೆಲ್ಲ ಕಾಯಿ ಕೇಳಿದರಂತೆ, ಸೋಮವಾರವೆಲ್ಲ ಟ್ರ್ಯಾಕ್ಟರಿನಲ್ಲಿ ಲೋಡು ಹೊಡೆದರಂತೆ. ಅಟ್ಟದ ಮೇಲೆ ಕೂತ ಕಾಯಿಯನ್ನು ನಡುವೆ ಕದಲಿಸಬಾರದೆಂದು ಎಲ್ಲರೂ ಈ ಸಲದ ಹೊಸ ಕೊಯ್ಲಿನ ಕಾಯಿಯನ್ನೇ ಕೊಟ್ಟರಂತೆ. ಅಪ್ಪನದೂ ಒಂದು ಲೋಡು. ಗಾನವಿಗೆ ಮೊದಲೇ ಹೇಳಬೇಡಿ, ನೋಡಿ ಸಂತೋಷಪಡಲಿ ಅಂತ ಅಪ್ಪನೇ ಅಂದಿದ್ದರಂತೆ.

ಹೊಸ ಕೊಯ್ಲು. ಅಂದರೆ ಒಂದೊಂದರ ಒಳಗೂ ನೀರು ತುಂಬಿದ ಕಾಯಿ.

ನಾನು ತೊಲೆ ನೋಡಿದೆ. ಅದರ ಹೊಟ್ಟೆ ಕೆಳಗೆ ಬಂದಿತ್ತು. ನಾನೇ ಎಳೆದ ಮರದ ಎಳೆಗಳ ಅಡ್ಡಕ್ಕೆ, ಬಣ್ಣ ಒಡೆದು, ಒಳಗಿನ ಬಿಳಿ ಪ್ಲೈವುಡ್ ಕೂದಲೆಳೆಯಷ್ಟು ಕಾಣುತ್ತಿತ್ತು. ತೊಲೆ ಗೋಡೆಗೆ ಕೂಡುವ ಕಡೆ ಸಂದು ಬಿಟ್ಟು, ಅದರಿಂದ ಶೆಡ್ಡಿನ ಕಿಟಕಿಯ ಬೆಳಕು ಒಳಗೆ ಬೀಳುತ್ತಿತ್ತು. ಆ ಬೆಳಕಿನ ಪಟ್ಟಿ ಬಿದ್ದಿದ್ದ ಜಾಗದಲ್ಲಿ, ಸರಿಯಾಗಿ ತೊಲೆಯ ಕೆಳಗೆ, ದೊಡ್ಡಮ್ಮ ಕುಕ್ಕರಗಾಲಲ್ಲಿ ಕೂತು ರಂಗೋಲಿ ಬಿಡುತ್ತಿದ್ದರು.

"ದೊಡ್ಡಮ್ಮ," ಅಂದೆ. ನನಗೇ ಕೇಳಿಸಲಿಲ್ಲ.

ಮೇಲೆಲ್ಲೋ ಚಟ್ ಅಂತ ಸಣ್ಣ ಸದ್ದಾಯಿತು. ಹಲ್ಲಿ ಲೊಚಗುಟ್ಟಿದಷ್ಟೇ. ಹೆಂಗಸರಲ್ಲಿ ಒಬ್ಬರು ಸತ್ಯ ಸತ್ಯ ಅಂತ ನೆಲ ಮುಟ್ಟಿದರು.

"ದೊಡ್ಡಮ್ಮ, ರಂಗೋಲಿ ಬುಟ್ಟು ಈಚೆಗೆ ಬಾ. ಈಗ್ಲೇ ಎದ್ದು ಬಾ."

ತಗಡಿನ ಶೆಡ್ಡು ಆ ಮಾತನ್ನು ಎತ್ತಿಕೊಂಡು ಎರಡರಷ್ಟು ಮಾಡಿ ವಾಪಸು ಎಸೆಯಿತು. ದುರ್ಗಯ್ಯ ನನ್ನ ಹಿಂದೆ ಯಾರಿದ್ದಾರೆ ಅಂತ ಇಣುಕಿ ನೋಡಿದ. ದೊಡ್ಡಮ್ಮ ರಂಗೋಲಿ ಡಬ್ಬ ಕೈಯಲ್ಲೇ ಹಿಡಿದು, ಮೊಣಕಾಲು ನೋವೂ ಮರೆತು, ಎದ್ದು ಬಂದುಬಿಟ್ಟರು. ಬಂದ ಮೇಲೆ ಅವರಿಗೆ ಕೋಪ ಬಂತು.

"ಯಾಕ್ ಹಂಗ್ ಕಿರುಚ್ತೀಯೇ? ಇನ್ನೊಂದೆಳೆ ಬಾಕಿ ಇತ್ತು."

ಈಗ ನಾನು ಹೇಳಬೇಕಾಗಿತ್ತು. ಕೂಗುವುದು ಒಂದು ಕಷ್ಟ. ಅದಕ್ಕಿಂತ ಕಷ್ಟ, ಇಷ್ಟು ಜನ ಬೆವರು ಸುರಿಸಿ ತಂದು ಜೋಡಿಸಿದ್ದನ್ನು ಅವರ ಮುಖ ನೋಡಿಕೊಂಡು ಇಳಿಸಿ ಅನ್ನುವುದು. ಅಪ್ಪ ನಗುವುದನ್ನು ಆಗಲೇ ನಿಲ್ಲಿಸಿದ್ದರು. ಈ ಸಲ ಚೀಟಿಯ ಯೋಚನೆ ಕೂಡ ಬರಲಿಲ್ಲ. ದೊಡ್ಡಮ್ಮನ ಕೈ ಹಿಡಿದು, ದೂರದಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಬಿಡಿ ಕಂಬವೊಂದರ ಹತ್ತಿರ ಕರೆದುಕೊಂಡು ಹೋದೆ.

"ಇದನ್ನ ತಟ್ಟಿ ನೋಡು ದೊಡ್ಡಮ್ಮ. ಅಲ್ಲಿರೋವೂ ಹಿಂಗೇ. ತೊಲೇನೂ ಟೊಳ್ಳು. ಒಂದು ಸಾಲು ಒಣಗಿದ ಕಾಯಿ ಹೊರೋ ಅಷ್ಟೇ ಅದರ ಶಕ್ತಿ. ನೀವು ತಂದಿರೋದು ನೀರುಗಾಯಿ. ಬೀಳ್ತೈತೆ. ಇಳಿಸ್ಬೇಕು."

ದೊಡ್ಡಮ್ಮ ತಟ್ಟಿದರು. ಸದ್ದು ಕೇಳಿ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಅವರು ನೋಡಿದ್ದು ಕಂಬವನ್ನಲ್ಲ, ತಮ್ಮ ಬೆರಳಿಗೆ ಅಂಟಿದ್ದ ಕುಂಕುಮವನ್ನು.

"ಹಂಗಾದ್ರೆ ಸುಳ್ಳು ಮನೆಗೆ ಪೂಜೆ ಮಾಡುದ್ವಾ ನಾವು?"

 ಬಾಯಿಗೆ ಬಂದದ್ದು ಹೇಳಿದೆ.

"ಇಲ್ಲೂ ದಿನಾ ಪೂಜೆ ಮಾಡೇ ಕೆಲ್ಸ ಸುರು ಮಾಡದು ದೊಡ್ಡಮ್ಮ. ಕ್ಯಾಮೆರಾಕ್ಕೂ ಹೂವ ಮುಡಿಸ್ತಾರೆ. ಮೇಸ್ತ್ರಿ ಸುತ್ತಿಗೆಗೆ ಕೈ ಮುಗಿದೇ ಮುಟ್ಟೋದು. ನೀನು ಮಾಡಿದ್ದೇನೂ ವ್ಯರ್ಥ ಅಲ್ಲ."

ದೊಡ್ಡಮ್ಮ ಬೆರಳಿನ ಕುಂಕುಮವನ್ನು ಹಣೆಗೆ ಒತ್ತಿಕೊಂಡರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಂಗಸರ ಕಡೆ ತಿರುಗಿದರು. "ಏಳ್ರೇ. ಹುಡುಗಿ ಏನ್ ಹೇಳ್ತಾಳೋ ಹಂಗ್ ಮಾಡನ."

ಹುಡುಗಿ ಹೇಳಬೇಕಾಯಿತು. ಯಾರೂ ಅಟ್ಟಕ್ಕೆ ಏಣಿ ಒರಗಿಸಬಾರದು, ಯಾರೂ ಅದರ ಕೆಳಗೆ ಹೋಗಬಾರದು. ಮೇಸ್ತ್ರಿ ಸಾರುವೆ ಕಟ್ಟಲು ಇಟ್ಟಿದ್ದ ನೀಲಗಿರಿ ಗಳಗಳನ್ನು ದುರ್ಗಯ್ಯ ಮತ್ತು ಅಪ್ಪ ಹೊರಗಿನಿಂದಲೇ ಓರೆಯಾಗಿ ತೊಲೆಯ ಆಸರೆಗೆ ಊರಿದರು. ಬಣ್ಣ ಬಳಿಯುವವರು ಹತ್ತಿ ನಿಲ್ಲುವ ಎರಡು ಕಬ್ಬಿಣದ ಸ್ಟ್ಯಾಂಡನ್ನು ಅಟ್ಟದ ಎರಡು ಬದಿಗೆ ತಳ್ಳಿ ನಿಲ್ಲಿಸಿದೆವು. ಒಂದು ಕಡೆಯಿಂದ ಮಾತ್ರ ತೆಗೆದರೆ ಇನ್ನೊಂದು ಕಡೆ ಕುಸಿಯುತ್ತದೆ. ಹಾಗಾಗಿ ಎರಡು ಬದಿಯಿಂದಲೂ ಒಟ್ಟೊಟ್ಟಿಗೆ ತೆಗೆಯಬೇಕು. ನಾನು ಅಟ್ಟದ ಎದುರಿಗೆ, ದೂರದಲ್ಲಿ ನಿಂತು ಕೂಗುತ್ತಿದ್ದೆ, ಎಡಕ್ಕೆ ಒಂದು, ಬಲಕ್ಕೆ ಒಂದು. ಕಾಯಿ ಕೈಯಿಂದ ಕೈಗೆ ದಾಟಿ ಬಾಗಿಲವರೆಗೆ ಹೋಗುತ್ತಿತ್ತು. ಸಾಲಿನ ಕೊನೆಯಲ್ಲಿ ಯಾರೋ ನನ್ನನ್ನು ಅಣಕಿಸಿ ಎಡಕ್ಕೆ ಬಲಕ್ಕೆ ಅಂತ ರಾಗ ಹಾಡಿದರು. ದೊಡ್ಡಮ್ಮ, "ಇಷ್ಟ್ ವರ್ಷ ಈ ಗಂಟ್ಲು ಎಲ್ಲಿಟ್ಟಿದ್ಲೋ, ಅಟ್ಟದ್ ಮೇಲೆ ಮಾಗಕ್ಕೆ ಹಾಕಿದ್ಲೇನೋ," ಅಂದರು. ಸಾಲು ನಗುತ್ತ ನಡುಗಿತು, ನಾನು ನಗಬೇಡಿ ಅಂತಲೂ ಕೂಗಬೇಕಾಯಿತು.

ಅಷ್ಟರಲ್ಲಿ ತಿಪಟೂರಿನ ವ್ಯಾನುಗಳು ಬಂದವು. ಡೈರೆಕ್ಟರ್ ಗಡಿಯಾರ ನೋಡಿಕೊಂಡು, ಯಾರನ್ನು ಕೇಳಿ ಇದೆಲ್ಲ ಅಂತ ಶುರು ಮಾಡಿದರು. ನಾನು ತಿರುಗಿ ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ, ಎಡ ಬಲ ತಪ್ಪುವಂತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಚೈತ್ರ ಮೇಡಂ ಒಮ್ಮೆ ತೊಲೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಅವರು ಒಳಗೆ ಬಂದು ಕೆಲಸ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ ಅಂದುಕೊಂಡೆ. ಬರಲಿಲ್ಲ. ಡೈರೆಕ್ಟರನ್ನು ಕಾಫಿಗೆ ಕರೆದುಕೊಂಡು ಹೋದರು. ವಾಪಸು ಬಂದು ಸಾಲಿನಲ್ಲಿ ನಿಂತು, ಎಲ್ಲರ ಹಾಗೆ ಕಾಯಿ ದಾಟಿಸತೊಡಗಿದರು.

ಶ್ರೀರಂಗಯ್ಯ ಬಂದಾಗ ಅಟ್ಟ ಮುಕ್ಕಾಲು ಖಾಲಿ. ಅವರು ಬ್ಯಾಗೂ ಇಳಿಸದೆ ತೊಲೆಯ ಕಡೆ ಹೋಗಿ, ಬಿರುಕಿಗೆ ಉಗುರು ಹಾಕಿ ನೋಡಿದರು.  ಯಾವುದೇ ಹೆಂಗಸಿನ ಮುಂದೆ ಇನ್ನು ಮೇಲೆ ತಮಾಷೆ ಮಾಡುವುದಿಲ್ಲ ಅಂತ ದೊಡ್ಡಮ್ಮನಿಗೆ ಕೈ ಮುಗಿದರು. "ತಮಾಸೆ ಮಾಡಪ್ಪ, ಪರವಾಗಿಲ್ಲ. ಕಾಯಿ ಮಾತ್ರ ಕೇಳ್ಬೇಡ," ಅಂದರು ದೊಡ್ಡಮ್ಮ.

ತೊಲೆಗೆ ಒಳಗಿಂದ ಕಬ್ಬಿಣದ ಪೈಪು ಸೇರಿಸಿ, ಬಿರುಕಿನ ಮೇಲೆ ನಾನು ಮತ್ತೆ ಮರದ ಎಳೆ ಎಳೆದೆ. ಥರ್ಮೊಕೋಲ್ ಮೇಲೇರಿತು, ಮುಂದೆ ಒಂದು ಸಾಲು ಒಣಕಾಯಿ ಬಂತು. ಉಳಿದದ್ದು ಕಂಬದ ಕುಂಕುಮ. ಹಿಂದಿನ ವಾರ ಚಿತ್ರೀಕರಿಸಿದ ದೃಶ್ಯದಲ್ಲಿ ಆ ಕಂಬಕ್ಕೆ ಕುಂಕುಮ ಇರಲಿಲ್ಲ. ಇವತ್ತು ಇದ್ದರೆ ಟಿ.ವಿ.ಯಲ್ಲಿ ಎದ್ದು ಕಾಣುತ್ತದೆ. ಒಬ್ಬ ಪೇಂಟರ್ ಆಗಲೇ ಒದ್ದೆ ಬಟ್ಟೆ ಹಿಡಿದು ಬಂದಿದ್ದ. ದೊಡ್ಡಮ್ಮ ಅದನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದರು.  

"ಅಳಿಸ್ಬೇಡಿ," ಅಂದೆ. ಶ್ರೀರಂಗಯ್ಯ, ಮೇಡಂ ಇಬ್ಬರೂ ತಿರುಗಿದರು. "ನಾಲ್ಕು ಮುಖಕ್ಕೂ ಬಣ್ಣ ಇದೆಯಲ್ಲ. ಕಂಬಾನೇ ತಿರುಗಿಸಿ ನಿಲ್ಸಣ. ಕುಂಕುಮ ಗೋಡೆ ಕಡೆಗೆ ಇರಲಿ."

ಇಬ್ಬರು ಬಡಗಿಗಳು ಕಂಬವನ್ನು ಮಗುವಿನ ಹಾಗೆ ಎತ್ತಿ ತಿರುಗಿಸಿ ಇಟ್ಟರು. ಹೊನ್ನೆ ಮರದ ಹಾಗೆ ಕಾಣುವುದಕ್ಕೆ ಅದಕ್ಕೇನೂ ತೊಂದರೆಯಾಗಲಿಲ್ಲ. ಆ ದೃಶ್ಯ ನಡೆಯುವಷ್ಟು ಹೊತ್ತೂ ದೊಡ್ಡಮ್ಮ ಕ್ಯಾಮೆರಾದ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾಯಕಿ ಅಳುವಾಗ ಎಲ್ಲರೂ ಅವಳ ಮುಖ ನೋಡುತ್ತಿದ್ದರೆ, ದೊಡ್ಡಮ್ಮ ಕಂಬ ನೋಡುತ್ತಿದ್ದರು. ಅದರ ಬೆನ್ನಿಗೆ ಏನಿದೆ ಅಂತ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಇಳಿಸಿದ ಕಾಯಿಯಲ್ಲಿ ಯಾರದ್ದು ಯಾವುದು ಅಂತ ವಿಂಗಡಿಸಲು ಆಗುವಂತಿರಲಿಲ್ಲ, ಯಾರೂ ಕೇಳಲೂ ಇಲ್ಲ. ಅಪ್ಪ ಎಲ್ಲವನ್ನೂ ಟ್ರ್ಯಾಕ್ಟರಿಗೆ ತುಂಬಿಸಿ ನಮ್ಮ ಮನೆಯ ಅಟ್ಟಕ್ಕೆ ಹಾಕಿಸಿದರು. ಕೊಬ್ಬರಿಯಾದ ಮೇಲೆ ಹಂಚಿಕೊಳ್ಳುವುದು ಅಂತ ಜಗಲಿ ಮೇಲೆ ಮಾತಾಯಿತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತ, ತಟ್ಟೆ ನೋಡಿಕೊಂಡೇ ಹೇಳಿದರು.

"ಕೇಳ್ದೆ ತಂದ್ ತುಂಬುದ್ವಿ. ಬೇಜಾರಾಯ್ತೇನವ್ವ?"

ಇಲ್ಲ ಅಂದೆ. ಅಷ್ಟೇ ಸಾಲದು ಅನ್ನಿಸಿ, "ಯಾವ ಊರಿನವರೂ ಯಾರಿಗೂ ಇಷ್ಟು ತಂದು ಕೊಟ್ಟಿರಲ್ಲ ಅಪ್ಪ," ಅಂದೆ. ಅಪ್ಪ ಇನ್ನೊಂದು ತುತ್ತು ನುಂಗಿ, ಬಿ.ಎಡ್. ಅರ್ಜಿಗೆ ಕೊನೆಯ ದಿನ ಹತ್ತಿರ ಬಂತು, ಹಾಕುವುದೋ ಬೇಡವೋ ಅಂತ ಕೇಳಿದರು. ಅಪ್ಪ ನನ್ನನ್ನು ಯಾವುದನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು. ಬೇಡ ಅಂದೆ. ಕೇಳಿಸುವ ಹಾಗೆಯೇ ಅಂದೆ. ಅಡುಗೆಮನೆಯಿಂದ ಅಮ್ಮ, ಏನಂತೆ ಅಂತ ಬಂದರು.

ಚಿತ್ರೀಕರಣ ಮುಗಿದು ಸೆಟ್ ಬಿಚ್ಚುವ ದಿನ ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಗೋಡೆಗಳು ಲಾರಿ ಹತ್ತಿದವು. ಇನ್ನೊಂದು ಊರಿನಲ್ಲಿ ಬೇರೆ ಬಣ್ಣ ಹಚ್ಚಿಸಿಕೊಂಡು ಬೇರೆ ಮನೆಯಾಗುತ್ತವೆ. ಕುಂಕುಮದ ಕಂಬವನ್ನು ಮಾತ್ರ ಶ್ರೀರಂಗಯ್ಯ ಲಾರಿಗೆ ಹಾಕಿಸಲಿಲ್ಲ. ಹೆಗಲ ಮೇಲೆ ತಾವೇ ಹೊತ್ತು ದೊಡ್ಡಮ್ಮನ ಮನೆಗೆ ತಂದರು. ಈಗ ಅದು ಅವರ ಪಡಸಾಲೆಯ ನಡುವೆ, ಸೂರಿಗೆ ಮುಟ್ಟದೆ, ಏನನ್ನೂ ಹೊರದೆ ನಿಂತಿದೆ. ನೆಂಟರು ಬಂದು ಇದ್ಯಾವ ಹೊಸ ಕಂಬ ಅಂತ ಕೇಳಿದರೆ ದೊಡ್ಡಮ್ಮ ಮೊದಲು ತಟ್ಟಿ ನೋಡಲು ಹೇಳುತ್ತಾರೆ. ಆಮೇಲೆ ಕಥೆ ಶುರುವಾಗುತ್ತದೆ. ಆ ಕಥೆಯಲ್ಲಿ ನನ್ನ ಕೂಗು ಪ್ರತಿ ಸಲವೂ ಸ್ವಲ್ಪ ಜೋರಾಗುತ್ತ ಬಂದಿದೆ. ಹೋದ ವಾರ ಅದು ಶೆಟ್ಟಿಕೆರೆಯ ಬಸ್ ಸ್ಟ್ಯಾಂಡಿಗೂ ಕೇಳಿಸಿತ್ತಂತೆ.

ಚೈತ್ರ ಮೇಡಂ ಅವತ್ತಿನ ಬಗ್ಗೆ ಏನೂ ಹೇಳಿರಲಿಲ್ಲ. ಹೊಗಳಲೂ ಇಲ್ಲ, ಜಾಗ ಕೊಟ್ಟೆ ಅನ್ನಲೂ ಇಲ್ಲ. ಲಾರಿ ಹೊರಟ ಮೇಲೆ, ಮುಂದಿನ ಕಥೆಗೆ ಅಮ್ಮಸಂದ್ರದಲ್ಲಿ ಒಂದು ಹಳೆಯ ಕ್ವಾರ್ಟರ್ಸ್ ಮನೆ ನೋಡಬೇಕು, ನಾಳೆ ಬೆಳಿಗ್ಗೆ ಬಾ ಅಂದರು, ಅಷ್ಟೇ.

ಹೋದೆ. ಹೆಂಚಿನ ಮನೆ, ಮುಂದೆ ಉದ್ದನೆಯ ವರಾಂಡ. ಮೇಡಂ ಪುಸ್ತಕ ಬಿಚ್ಚಿ ಅಂಗಳದ ಆ ತುದಿಯಲ್ಲಿದ್ದ ಬೇವಿನ ಮರದ ನೆರಳಿಗೆ ಹೋಗಿ ಕೂತರು. ಶ್ರೀರಂಗಯ್ಯ ಟೇಪು ತೆಗೆದರು. ಅಭ್ಯಾಸದಂತೆ ನಾನು ಕೊಕ್ಕೆಗೆ ಕೈ ಚಾಚಿದೆ. ಅವರು ಕೊಡಲಿಲ್ಲ. ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟು, ಕೊಕ್ಕೆ ಹಿಡಿದು ತಾವೇ ವರಾಂಡದ ಆ ಕೊನೆಗೆ ನಡೆದರು. ಅಷ್ಟು ದೊಡ್ಡ ಮೇಸ್ತ್ರಿ ಗೋಡೆಗೆ ಹೆಬ್ಬೆರಳು ಒತ್ತಿ, ನನ್ನ ಹಾಗೆ ಸುಮ್ಮನೆ ನಿಂತರು.

ನಾನು ಅಂಕಿ ಓದಿದೆ. ಮೇಡಂ ತಲೆ ಎತ್ತಲಿಲ್ಲ, ಪೆನ್ನೂ ಅಲ್ಲಾಡಲಿಲ್ಲ. ಉಸಿರು ತೆಗೆದುಕೊಂಡು ಮತ್ತೆ ಓದಿದೆ, ನೀರುಗಾಯಿ ತುಂಬಿದ ಅಟ್ಟದ ಕೆಳಗೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ.

"ಇಪ್ಪತ್ತೆರಡು ಅಡಿ ನಾಲ್ಕಿಂಚು."

ಬೇವಿನ ಮರದಿಂದ ಎರಡು ಗೊರವಂಕ ಹಾರಿದವು. ಮೇಡಂ ಬರೆದುಕೊಂಡರು. ಆ ಕೊನೆಯಿಂದ ಶ್ರೀರಂಗಯ್ಯ, "ಮೆತ್ತಗೆ ಕಣವ್ವ, ನಾನಿನ್ನೂ ಬದುಕಿದ್ದೀನಿ," ಅಂದರು. ಕೊಕ್ಕೆ ಮಾತ್ರ ಅವರ ಹೆಬ್ಬೆರಳಿನಡಿ ಜಾರಲಿಲ್ಲ.